ಹದಿನಾರಕ್ಕೆ ಕೂಡದ ಸಾಲು: ಬೆಳಗಾವಿಯ ಒಂದು ಸಿಂಥ್-ಪಾಪ್ ತಂಡದ ಮೊದಲ ಆಲ್ಬಂ

ಎಲ್ಲ ಶುರುವಾಗಿದ್ದು ಬೀಡಿಯಿಂದ.

ಒಂದು ಕಾಲೇಜಿನ ಗ್ಯಾದರಿಂಗ್. ಬೆಳಗಾವಿಯ ಮೂವರ ತಂಡವೊಂದು ತನ್ನ ಮೊದಲ ಆಲ್ಬಂನ ಹಾಡನ್ನು, ಬಿಡುಗಡೆಗೆ ಮುಂಚೆ ಸುಮ್ನೆ ಪರೀಕ್ಷೆಗೆ ಅಂತ, ಅಲ್ಲಿ ಹಾಡಿತು. ಪಲ್ಲವಿ ಹೀಗಿತ್ತು: ‘ಬಿಡಿ ಬಿಡಿ, ಕೈ ಬಿಡಿ’. ಊರು ಬಿಟ್ಟು ಹೊರಟ ಹುಡುಗಿ ಮನೆಯವರಿಗೆ ಹೇಳುವ ಮಾತು. ರಾಗ ಮೇಲೇರುವಲ್ಲಿ ‘ಬಿ’ ಅಕ್ಷರವನ್ನು ಒಂದು ಪೂರ್ತಿ ಬೀಟ್ ಎಳೆದಿದ್ದರು. ಎರಡನೇ ಸಲ ಪಲ್ಲವಿ ಬರುವಷ್ಟರಲ್ಲಿ ಮುಂದೆ ಕೂತಿದ್ದ ಹುಡುಗರೆಲ್ಲ ‘ಬೀಡಿ, ಬೀಡಿ’ ಅಂತ ಕೂಗುತ್ತಿದ್ದರು. ಒಬ್ಬ ಎರಡು ಬೆರಳು ಬಾಯಿಗಿಟ್ಟು ಹೊಗೆ ಬಿಡುವ ಆಕ್ಷನ್ ಬೇರೆ ಮಾಡಿದ. ಗಾಯಕಿ ನಗುತ್ತಲೇ ಹಾಡು ಮುಗಿಸಿದಳು. ವೇದಿಕೆ ಇಳಿದ ಮೇಲೆ ಒಂದು ಗಂಟೆ ಯಾರ ಹತ್ತಿರವೂ ಮಾತಾಡಲಿಲ್ಲ.

ಆ ಆಲ್ಬಂ ಮಿಕ್ಸ್ ಮಾಡಿದವನು ನಾನು. ಟಿಳಕವಾಡಿಯಲ್ಲಿ ನನ್ನದೊಂದು ಸಣ್ಣ ಸ್ಟುಡಿಯೋ ಇದೆ. ಭಜನೆ, ಶಾಲೆಯ ಸ್ವಾಗತ ಗೀತೆ, ಚುನಾವಣೆ ಬಂದರೆ ಪ್ರಚಾರದ ಹಾಡು. ಹೊಟ್ಟೆ ತುಂಬುವುದು ಇವುಗಳಿಂದ. ತಂಡದವರು ತಮ್ಮ ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಆದರೆ ಏನು ತಪ್ಪಿತ್ತು, ಹೇಗೆ ಗೊತ್ತಾಯಿತು ಅನ್ನುವುದನ್ನು ಬರೆಯಲು ಒಪ್ಪಿದ್ದಾರೆ. ಕನ್ನಡದಲ್ಲಿ ಇಂಥ ಸಂಗೀತ ಮಾಡಹೊರಟ ಬೇರೆ ಯಾರಾದರೂ ಇದೇ ಗುಂಡಿಗೆ ಬಿದ್ದಿರಬಹುದು ಅಲ್ವಾ?

ಮೂವರು, ಎಂಟು ಹಾಡು

ಗಾಯಕಿಯೇ ಹಾಡು ಬರೆಯುವವಳು. ಕೀಬೋರ್ಡ್ ಹುಡುಗ ವಡಗಾವಿಯವನು, ಮನೆಯಲ್ಲಿ ಪವರ್‌ಲೂಮ್. ಮೂರನೆಯವನು ಹಗಲು ಉದ್ಯಮಬಾಗದ ಫೌಂಡ್ರಿಯಲ್ಲಿ ಕೆಲಸ ಮಾಡುತ್ತಾನೆ, ರಾತ್ರಿ ಡ್ರಮ್ ಮಶೀನು ಮತ್ತು ಲ್ಯಾಪ್‌ಟಾಪ್ ನೋಡಿಕೊಳ್ಳುತ್ತಾನೆ. ಗಿಟಾರ್ ಇಲ್ಲ, ತಬಲಾ ಇಲ್ಲ. ಸದ್ದೆಲ್ಲ ಸಿಂಥ್‌ನಿಂದ, ಅಂದರೆ ಕರೆಂಟಿನಿಂದ ಸ್ವರ ಹುಟ್ಟಿಸುವ ಸಿಂಥಸೈಜರ್ ಯಂತ್ರದಿಂದ. ಅದರಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಅನಲಾಗ್ ಸಿಂಥ್. ಅದರ ಮುಂದುಗಡೆ 16 ಗುಂಡಿಯ ಸೀಕ್ವೆನ್ಸರ್. ಒಂದೊಂದು ಗುಂಡಿ ಒಂದೊಂದು ಹೆಜ್ಜೆ. ಯಾವ ಹೆಜ್ಜೆಗೆ ಯಾವ ಸ್ವರ ಅಂತ ಕೂರಿಸಿಬಿಟ್ಟರೆ ಅದು ತಿರುತಿರುಗಿ ಅದನ್ನೇ ನುಡಿಸುತ್ತದೆ.

ಮೂವರೂ ಬೆಳೆದದ್ದು ಡಿಪೆಷ್ ಮೋಡ್ ಅನ್ನುವ ಇಂಗ್ಲೆಂಡಿನ ಸಿಂಥ್-ಪಾಪ್ ತಂಡವನ್ನು ಕೇಳಿಕೊಂಡು. ಆ ತಂಡದ ಮೊದಲ ಆಲ್ಬಂ ಬಂದದ್ದು 1981ರಲ್ಲಿ. ಲಂಡನ್ನಿನಲ್ಲಿ, ಮೊದಲು ಚರ್ಚ್ ಆಗಿದ್ದ ಕಟ್ಟಡದೊಳಗಿನ ಬ್ಲ್ಯಾಕ್‌ವಿಂಗ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿತ್ತು. ಒಂದು ಸಲಕ್ಕೆ ಒಂದೇ ಸ್ವರ ಹೊರಡಿಸುವ ಅಗ್ಗದ ಸಿಂಥ್‌ಗಳಿಂದ ಕಟ್ಟಿದ ಹಾಡುಗಳು. ‘ಅವರಿಗೆ ಅಷ್ಟರಲ್ಲೇ ಆಯಿತು ಅಂದರೆ ನಮಗೆ ಯಾಕೆ ಆಗೋದಿಲ್ಲ’ ಅನ್ನುವುದು ಇವರ ಧೈರ್ಯ. ಧೈರ್ಯ ಸರಿಯಾಗಿಯೇ ಇತ್ತು.

ಎಡವಿದ್ದು ಮೊದಲ ಖರ್ಚಿನಲ್ಲಿ. ದೊಡ್ಡ ಊರಿನ ಒಂದು ಸ್ಟುಡಿಯೋಗೆ ಎರಡು ಹಾಡು ಕಳಿಸಿದರು, 28,000 ರೂಪಾಯಿ ಕೊಟ್ಟರು. ಸ್ಟುಡಿಯೋದ ಹೆಸರು ಬೇಡ. ಅಲ್ಲಿ ಕೂತವರಿಗೆ ಕನ್ನಡ ಬರುತ್ತಿರಲಿಲ್ಲ. ಅವರು ಗಾಯನವನ್ನು ಬೀಟ್‌ಗೆ ಸರಿಯಾಗಿ ‘ಕೂರಿಸಿ’ ಕಳಿಸಿದರು. ಕೂರಿಸುವುದು ಅಂದರೆ ಸಾಫ್ಟ್‌ವೇರ್‌ನಲ್ಲಿ ಅಕ್ಷರಗಳನ್ನು ಹಿಗ್ಗಿಸಿ, ಕುಗ್ಗಿಸಿ, ಗೆರೆಗೆ ತಂದು ನಿಲ್ಲಿಸುವುದು. ಕೇಳಲು ಚೆನ್ನಾಗಿಯೇ ಇತ್ತು, ದುಬಾರಿ ಹಾಡಿನ ಹಾಗೆ. ಆದರೆ ಯಾರೋ ಕನ್ನಡ ಕಲಿಯುತ್ತಿರುವವರು ಹಾಡಿದ ಹಾಗಿತ್ತು. ಗಾಯಕಿಯ ಅವ್ವ ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ಡಬ್ ಮಾಡ್ಯಾರೇನು?’

ಆ ಹಣ ಹೋದ ಮೇಲೆ ನನ್ನ ಹತ್ತಿರ ಬಂದರು. ನಾನು ಅವರಿಗೆ ಲಿವರ್‌ಪೂಲ್ ಕಡೆಯ ಓಎಂಡಿ ತಂಡದ ಕತೆ ಹೇಳಿದೆ. ರೆಕಾರ್ಡ್ ಕಂಪನಿ ಮುಂಗಡ ಕೊಟ್ಟಾಗ ಅವರು ಸ್ಟುಡಿಯೋ ಬಾಡಿಗೆಗೆ ಹಣ ಸುರಿಯಲಿಲ್ಲ. ತಮ್ಮದೇ ಸ್ಟುಡಿಯೋ ಕಟ್ಟಿಕೊಂಡರು. ಆಲ್ಬಂ ಬಿದ್ದು ಕಂಪನಿ ಕೈಬಿಟ್ಟರೂ ಸ್ಟುಡಿಯೋ ಆದರೂ ಉಳಿಯುತ್ತದಲ್ಲ ಅನ್ನುವುದು ಅವರ ಲೆಕ್ಕ. ಅಲ್ಲೇ ಮಾಡಿದ ಮೊದಲ ಆಲ್ಬಂ 1980ರಲ್ಲಿ ಬಂತು. ನಮ್ಮವರೂ ಉಳಿದ ದುಡ್ಡಿನಲ್ಲಿ ವಡಗಾವಿ ಮನೆಯ ಮೇಲಿನ ಕೋಣೆಗೆ ಹಳೆಯ ಗಾದಿ, ದಪ್ಪ ಪರದೆ ಹಾಕಿದರು. ಕೆಳಗೆ ಮಗ್ಗ ಓಡುತ್ತಿದ್ದರೆ ಮೇಲೆ ನೆಲವೇ ನಡುಗುತ್ತದೆ. ಅದಕ್ಕೆ ಗಾಯನದ ಕೆಲಸ ಏನಿದ್ದರೂ ರಾತ್ರಿ, ಮಗ್ಗ ನಿಂತ ಮೇಲೆ.

ನಾವು ಹಿಡಿದ ತಪ್ಪು ದಾರಿಗಳು

ಬೀಡಿ ಪ್ರಸಂಗ ಆದ ಮೇಲೆ ಎಲ್ಲರೂ ಮೊದಲು ಗಾಯಕಿಯನ್ನೇ ಬೈದರು. ಉಚ್ಚಾರ ಸರಿ ಇಲ್ಲ ಅಂದರು. ನಾನೂ ಅಂದೆ. ಈಗ ನಾಚಿಕೆಯಾಗುತ್ತದೆ. ಅವಳ ಉಚ್ಚಾರಕ್ಕೆ ಏನೂ ಆಗಿರಲಿಲ್ಲ.

ಆಮೇಲೆ ಬೈಗುಳ ಎಫೆಕ್ಟ್‌ಗಳ ಪಾಲಿಗೆ ಬಂತು. ಇದರಲ್ಲಿ ಸ್ವಲ್ಪ ಹುರುಳಿತ್ತು. ಈ ಬಗೆಯ ಸಂಗೀತದಲ್ಲಿ ಗೇಟ್ ಅಂತ ಒಂದು ಚಮತ್ಕಾರ ಮಾಡುತ್ತಾರೆ. ದನಿಯನ್ನು ಬೀಟ್‌ಗೆ ತಕ್ಕಂತೆ ಕತ್ತರಿಸಿ ಕತ್ತರಿಸಿ ಬಿಡುವುದು. ಫೌಂಡ್ರಿ ಹುಡುಗನಿಗೆ ಅದರ ಮೇಲೆ ಬಲು ಪ್ರೀತಿ. ಒಂದು ಹಾಡಿನಲ್ಲಿ ‘ನಮ್ಮ ಕತಿ’ ಅಂತ ಬರುತ್ತದೆ. ನಮ್ಮ ಕಡೆ ಕತೆಗೆ ಕತಿ ಅಂತಲೇ ಅನ್ನುವುದು. ಗೇಟ್ ಸರಿಯಾಗಿ ‘ಕ’ ಮತ್ತು ‘ತಿ’ ನಡುವೆ ಬಿತ್ತು. ಕನ್ನಡದಲ್ಲಿ ಒತ್ತಕ್ಷರ ಅಂದರೆ ಏನು? ‘ತ್ತ’ ಅನ್ನುವಾಗ ನಾಲಿಗೆ ಹಲ್ಲಿಗೆ ಅಂಟಿ ಒಂದು ಕ್ಷಣ ದನಿ ನಿಲ್ಲುತ್ತದೆ. ಆ ಕ್ಷಣದ ಮೌನವೇ ಒತ್ತು. ಗೇಟ್ ಕೂಡ ಅಂಥದೇ ಮೌನವನ್ನು ಹುಟ್ಟಿಸಿತು. ‘ನಮ್ಮ ಕತಿ’ ಹೋಗಿ ‘ನಮ್ಮ ಕತ್ತಿ’ ಆಯಿತು. ಇಲ್ಲಿನವರಿಗೆ ಕತ್ತಿ ಅಂದರೆ ಕತ್ತೆಯೂ ಹೌದು, ನಿಮಗೆ ಗೊತ್ತಲ್ಲ.

ರಿವರ್ಬ್, ಅಂದರೆ ದನಿಗೆ ದೊಡ್ಡ ಹಾಲಿನಂಥ ಪ್ರತಿಧ್ವನಿ ಹಚ್ಚುವುದು, ಇದರ ತದ್ವಿರುದ್ಧ. ಅದರ ಬಾಲ ಉದ್ದವಾದರೆ ಒತ್ತಿನ ಮೌನದೊಳಗೆ ಹಿಂದಿನ ಸ್ವರದ ಉಳಿಕೆ ನುಗ್ಗಿ ತುಂಬಿಕೊಳ್ಳುತ್ತದೆ. ಆಗ ‘ಹತ್ತಿ’ ಕೂಡ ‘ಹತಿ’ ಅಂತ ಕೇಳುತ್ತದೆ. ಗೇಟನ್ನು ಗಾಯನದಿಂದ ತೆಗೆದು ಸಿಂಥ್‌ಗೆ ಹಾಕಿದೆವು. ರಿವರ್ಬ್ ಗಿಡ್ಡ ಮಾಡಿದೆವು. ಮಾತು ಒಂದಿಷ್ಟು ತಿಳಿಯಾಯಿತು. ಆದರೂ ಡಬ್ ಮಾಡಿದ ಹಾಗಿರುವುದು ಹೋಗಲಿಲ್ಲ.

ನಡುವೆ ಕರೆಂಟಿನ ಗೋಳು. ಗಾಯಕಿಯ ಶ್ರುತಿ ಹಾರ್ಮೋನಿಯಂನ ಬಿಳಿ ಐದು. ಅದರ ಕೆಳಗಿನ ಬೇಸ್ ಸ್ವರ 49 ಹರ್ಟ್ಸ್, ಅಂದರೆ ಸೆಕೆಂಡಿಗೆ 49 ಕಂಪನ. ನಮ್ಮ ಮನೆಗೆ ಬರುವ ಕರೆಂಟು 50 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದ ಕಡೆ ಕರೆಂಟಿನ ಗುಂಯ್ ಸದ್ದು ರೆಕಾರ್ಡಿಂಗ್‌ನಲ್ಲಿ ಕೂತುಬಿಡುತ್ತದೆ. 49 ಮತ್ತು 50 ಒಟ್ಟಿಗೆ ಸೇರಿದರೆ ಸೆಕೆಂಡಿಗೊಮ್ಮೆ ಉಬ್ಬಿ ಇಳಿಯುತ್ತವೆ. ಮೂರು ವಾರ ಆ ಉಬ್ಬಿಳಿತವನ್ನು ನಾವು ‘ಅನಲಾಗ್ ಸಿಂಥ್‌ನ ಬೆಚ್ಚನೆಯ ಸದ್ದು’ ಅಂತ ಹೊಗಳಿಕೊಂಡು ಕೂತಿದ್ದೆವು! ಸಿಂಥ್ ಬಂದ್ ಮಾಡಿದರೂ ಗುಂಯ್ ಅನ್ನುವುದು ಉಳಿದಾಗ ಬುದ್ಧಿ ಬಂತು. ಹಿತ್ತಲಲ್ಲಿ ಗುಂಡಿ ತೋಡಿಸಿ, ಇದ್ದಿಲು ಉಪ್ಪು ಹಾಕಿ ಹೊಸ ಅರ್ಥಿಂಗ್ ಮಾಡಿಸಿದರು. ಪ್ಲಗ್ಗಿನ ಮೂರನೇ ಕಡ್ಡಿ ಮುರಿದರೆ ಗುಂಯ್ ಹೋಗುತ್ತದೆ ಅಂತ ಯಾರೋ ಸಲಹೆ ಕೊಟ್ಟಿದ್ದರು. ಅದು ಜೀವಕ್ಕೆ ಅಪಾಯ. ಯಾರೂ ಮಾಡಬೇಡಿ.

ಫೋನಿನಲ್ಲಿದ್ದ ಹಾಡು

ಒಂದು ರಾತ್ರಿ ಗಾಯಕಿ ರಾಗ ಮರೆತಳು. ಮೊದಲು ಗುನುಗಿಟ್ಟಿದ್ದನ್ನು ಕೇಳಿಕೊಳ್ಳೋಣ ಅಂತ ಫೋನ್ ತೆಗೆದಳು. ಮಳೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ನಿಂತು ಗುನುಗಿದ ಎರಡು ಸಾಲು:

ಮಳಿಯು ನಿಲ್ಲದ ಸಂಜಿ ಹೊತ್ತಿಗೆ
ಮಗ್ಗ ನಿಂತವು ಓಣಿ ತುಂಬಾ

ಕರೆಂಟು ಹೋದಾಗ ವಡಗಾವಿಯ ಓಣಿಯಲ್ಲಿ ಮಗ್ಗಗಳೆಲ್ಲ ಒಮ್ಮೆಲೆ ಸುಮ್ಮನಾಗುವುದರ ಬಗ್ಗೆ ಬರೆದದ್ದು. ಹಿಂದೆ ಬಸ್ಸಿನ ಹಾರ್ನು, ಜನರ ಗಲಾಟೆ. ಆದರೂ ಆ ಗುನುಗು ನಾವು ಮಾಡಿದ ಎಲ್ಲ ಟೇಕ್‌ಗಿಂತ ಚೆನ್ನಾಗಿತ್ತು. ಸಹಜವಾಗಿತ್ತು. ಮೂರು ಜನ ಮುಖ ಮುಖ ನೋಡಿಕೊಂಡರು.

ಅದನ್ನು ಲ್ಯಾಪ್‌ಟಾಪಿಗೆ ಹಾಕಿ ಅಳೆದೆ. ಅಳೆಯುವುದು ಬಿಟ್ಟು ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಒಂದೊಂದು ಸಾಲೂ ಸುಮಾರು ಮೂರೂವರೆ ಸೆಕೆಂಡ್. ಮೊದಲ ಸಾಲು ಮುಗಿದ ಕೂಡಲೆ, ಉಸಿರೂ ತಗೊಳ್ಳದೆ, ಎರಡನೆಯದು ಶುರು. ಸ್ಟುಡಿಯೋ ಟೇಕ್‌ನಲ್ಲಿ ಅದೇ ಸಾಲಿಗೆ ನಾಲ್ಕು ಸೆಕೆಂಡ್. ಅಲ್ಲಿ ನಿಮಿಷಕ್ಕೆ 120 ಬೀಟ್, ಅಂದರೆ ಬೀಟಿಗೆ ಅರ್ಧ ಸೆಕೆಂಡ್, ಸಾಲಿಗೆ ಎಂಟು ಬೀಟ್. ಅರ್ಧ ಬೀಟಿಗೆ ಒಂದು ಹೆಜ್ಜೆ ಅಂತ ಇಟ್ಟರೆ 16 ಹೆಜ್ಜೆ. ಸೀಕ್ವೆನ್ಸರ್‌ನ 16 ಗುಂಡಿ.

ಈಗ ಸಾಲನ್ನು ಎಣಿಸಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿದ್ದು ನೆನಪಿದೆಯಾ? ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ‘ಮಳಿಯು’ ಮೂರು. ‘ನಿಲ್ಲದ’ ನಾಲ್ಕು. ‘ಸಂಜಿ’ ಮೂರು. ‘ಹೊತ್ತಿಗೆ’ ನಾಲ್ಕು. ಒಟ್ಟು 14. ಎರಡನೇ ಸಾಲೂ ಹಾಗೇ, ಮೂರು ನಾಲ್ಕು ಮೂರು ನಾಲ್ಕು. ಕುಮಾರವ್ಯಾಸನ ಭಾಮಿನಿ ಷಟ್ಪದಿ ಇದೇ ನಡಿಗೆಯಲ್ಲಿ ಹೋಗುತ್ತದೆ. ಹುಡುಗಿ ಲೆಕ್ಕ ಹಾಕಿ ಬರೆದವಳಲ್ಲ. ಶಾಲೆಯಲ್ಲಿ ಬಾಯಿಪಾಠ ಮಾಡಿದ್ದು ಮೈಯಲ್ಲಿ ಎಲ್ಲೋ ಉಳಿದಿತ್ತು ಅನಿಸುತ್ತದೆ.

14 ಮಾತ್ರೆಯ ಸಾಲು, 16 ಹೆಜ್ಜೆಯ ಯಂತ್ರ. ಸಾಲಿಗೆ ಎರಡು ಹೆಜ್ಜೆ ಖಾಲಿ, ಅಂದರೆ ಅರ್ಧ ಬೀಟಿನ ಎರಡು ತುಂಡು, ಒಂದಲ್ಲ ಒಂದು ಕಡೆ ತುಂಬಲೇಬೇಕು. ಗಾಯಕಿ ಪಾಪ ಕೊನೆಯ ಅಕ್ಷರ ಎಳೆದು ತುಂಬುತ್ತಿದ್ದಳು. ‘ಹೊತ್ತಿಗೆ’ ಅನ್ನುವುದು ‘ಹೊತ್ತಿಗೇ’ ಆಗುತ್ತಿತ್ತು. ಕನ್ನಡದಲ್ಲಿ ‘ಹೊತ್ತಿಗೇ’ ಅಂದರೆ ಬೇರೆ ಮಾತು: ಸರಿಯಾಗಿ ಅದೇ ಹೊತ್ತಿಗೆ ಅಂತ ಒತ್ತಿ ಹೇಳಿದಂತೆ. ಇಂಗ್ಲಿಷ್ ಹಾಡಿನಲ್ಲಿ ಬೇಕಾದ ಅಕ್ಷರ ಬೇಕಾದಷ್ಟು ಎಳೆದರೂ ಪದ ಸಾಮಾನ್ಯವಾಗಿ ಅದೇ ಪದವಾಗಿ ಉಳಿಯುತ್ತದೆ. ನಮ್ಮಲ್ಲಿ ಹ್ರಸ್ವ ಎಳೆದರೆ ದೀರ್ಘ. ಮಡಿ ಹೋಗಿ ಮಾಡಿ. ಬಿಡಿ ಹೋಗಿ ಬೀಡಿ.

ಬೀಡಿಯ ಗುಟ್ಟೂ ಅಲ್ಲೇ ಒಡೆಯಿತು. ‘ಬಿಡಿ ಬಿಡಿ ಕೈ ಬಿಡಿ’ ಬರೀ ಎಂಟು ಮಾತ್ರೆ. ಅದನ್ನು 16 ಹೆಜ್ಜೆಗೆ ಹಾಸಿದ್ದರು. ಅರ್ಧ ಜಾಗ ಖಾಲಿ. ಏನನ್ನಾದರೂ ಎಳೆಯದೆ ಗತಿ ಇರಲಿಲ್ಲ, ಎಳೆದದ್ದು ಮಾತ್ರ ಎಳೆಯಬಾರದ ಅಕ್ಷರವನ್ನು.

ಕಾರ್ಡಿನ ಲೆಕ್ಕ

ಇಷ್ಟು ಗೊತ್ತಾದ ಮೇಲೂ ನಾನು ತಪ್ಪು ಪರಿಹಾರವನ್ನೇ ಹೇಳಿದೆ. ಸಾಲಿಗೆ ಎರಡು ಮಾತ್ರೆಯ ಪದ ಸೇರಿಸಿ ಅಂದೆ. ‘ಇದು’, ‘ಬರಿ’, ‘ಓ’, ಇಂಥವು. ನಾವು ಎಷ್ಟೋ ಹಾಡಿಗೆ ಹಾಗೆ ಮಾಡಿಲ್ಲವಾ? ಗಾಯಕಿಗೆ ಸಿಟ್ಟು ಬಂತು.

ಕೀಬೋರ್ಡ್ ಹುಡುಗ ಆಗ ಕೇಳಿದ: ‘ಸರ, ಹದಿನಾರ ಯಾಕ ಬೇಕ್ರಿ?’

ನನಗೆ ಉತ್ತರ ತೋಚಲಿಲ್ಲ. ಗುಂಡಿ 16 ಇವೆಯಲ್ಲೋ, ಅಂದೆ.

ಅವನು ಕೆಳಗಿನ ಮಗ್ಗದ ಕಡೆ ಕೈ ತೋರಿಸಿದ. ಸೀರೆಯ ಅಂಚಿನ ಬುಟ್ಟಾ ಬರುವುದು ಜಕಾರ್ಡ್‌ನಿಂದ. ತೂತು ಹೊಡೆದ ಕಾರ್ಡುಗಳನ್ನು ದಾರದಿಂದ ಮಾಲೆಯಂತೆ ಹೊಲಿದು ಮೇಲೆ ಹಾಕಿರುತ್ತಾರೆ. ಒಂದೊಂದು ಕಾರ್ಡು ಒಂದೊಂದು ಎಳೆಯ ಹೆಜ್ಜೆ. ಮಾಲೆ ಒಂದು ಸುತ್ತು ಬಂದರೆ ಬುಟ್ಟಾ ಮತ್ತೆ ಮೊದಲಿನಿಂದ. ಅವನು ಚಿಕ್ಕವನಿದ್ದಾಗ ಆ ಕಾರ್ಡು ಹೊಲಿದವನು. ‘ಬುಟ್ಟಾ ಎಷ್ಟ ಉದ್ದ ಐತೋ ಅಷ್ಟ ಕಾರ್ಡ ಹಾಕ್ತೇವ್ರಿ. ಮಗ್ಗಕ್ಕೇನ ತಿಳಿತೈತಿ? ಹದಿನಾಲ್ಕ ಹಾಕಿದ್ರ ಹದಿನಾಲ್ಕಕ್ಕ ತಿರಗತೈತಿ.’

ಸಿಂಥ್‌ನ ಮೆನುವಿನಲ್ಲಿ ಉದ್ದ ಅನ್ನುವ ಆಯ್ಕೆ ಇತ್ತು. ಮೊದಲಿನಿಂದಲೂ ಇತ್ತು. 16 ಅಂತ ಇದ್ದದ್ದನ್ನು 14 ಮಾಡಿದ. ಹತ್ತು ಸೆಕೆಂಡಿನ ಕೆಲಸ.

16 ಅನ್ನುವುದು ನಮ್ಮ ತಲೆಗೆ ಹೊಕ್ಕಿದ್ದು ಹೇಗೆ ಅಂದರೆ, ಯಂತ್ರಗಳ ಮುಖದಿಂದಲೇ. 1980ರಲ್ಲಿ ಬಂದ ರೋಲ್ಯಾಂಡ್ ಟಿಆರ್-808 ಡ್ರಮ್ ಮಶೀನಿನ ಮುಂದೆ ಬಣ್ಣಬಣ್ಣದ 16 ಗುಂಡಿ. ಆಮೇಲೆ ಬಂದವರೆಲ್ಲ ಅದೇ ಚಿತ್ರ ನಕಲು ಮಾಡಿದರು. ಮುಂಬೈಯ ಚರಣಜಿತ್ ಸಿಂಗ್ 1982ರಲ್ಲಿ ಇದೇ 808, ಜೊತೆಗೆ ಟಿಬಿ-303, ಜುಪಿಟರ್-8 ಅನ್ನುವ ಸಿಂಥ್‌ಗಳನ್ನು ಇಟ್ಟುಕೊಂಡು ಹತ್ತು ರಾಗಗಳನ್ನು ಡಿಸ್ಕೋ ಬೀಟಿಗೆ ನುಡಿಸಿ ರೆಕಾರ್ಡ್ ಮಾಡಿದರು. ‘ಅವರಿಗೆ ನಾಲ್ಕರ ಬೀಟ್ ಕೂಡಿತಲ್ಲ’ ಅಂತ ಫೌಂಡ್ರಿ ಹುಡುಗ ವಾದಿಸಿದ. ಕೂಡಿತು, ಯಾಕೆಂದರೆ ಅಲ್ಲಿ ಮಾತಿಲ್ಲ. ಬರೀ ವಾದ್ಯ. ಹ್ರಸ್ವ ದೀರ್ಘದ ಜಗಳವೇ ಇಲ್ಲ.

14 ಆದ ಮೇಲೆ ಹಾಡನ್ನು ಮತ್ತೆ ಕಟ್ಟಬೇಕಾಯಿತು. ಈ ಭಾಗ ನನಗೆ ತುಂಬ ಖುಷಿ ಕೊಟ್ಟದ್ದು. ಕಿಕ್ ಡ್ರಮ್ ಬದಲಿಸಲಿಲ್ಲ, ಅದು ಮೊದಲಿನ ಹಾಗೆ ಧಬ್ ಧಬ್ ಧಬ್. ಸಾಲಿಗೆ ಎಂಟು ಏಟು ಬೀಳುತ್ತಿದ್ದದ್ದು ಈಗ ಏಳು. ಚಪ್ಪಾಳೆ ಸದ್ದು ಒಂದು ಬಿಟ್ಟು ಒಂದು ಕಿಕ್‌ಗೆ. ಏಳು ಬೆಸ ಸಂಖ್ಯೆ ಆದ್ದರಿಂದ ಮೊದಲ ಸಾಲಿನಲ್ಲಿ ಎರಡು, ನಾಲ್ಕು, ಆರಕ್ಕೆ ಬಿದ್ದ ಚಪ್ಪಾಳೆ ಮುಂದಿನ ಸಾಲಿನಲ್ಲಿ ಒಂದು, ಮೂರು, ಐದು, ಏಳಕ್ಕೆ ಬೀಳುತ್ತದೆ. ಎರಡು ಸಾಲಿಗೊಮ್ಮೆ ಮೊದಲಿನ ಜಾಗಕ್ಕೆ ಬಂದು ಸೇರುತ್ತದೆ. ಒಂದು ಸಾಲು ಕೇಳಿದ ಹಾಗೆಯೇ ಇನ್ನೊಂದು ಕೇಳುವುದಿಲ್ಲ. ಯಾರೂ ಏನೂ ಹೊಸದಾಗಿ ಸೇರಿಸಿರಲಿಲ್ಲ.

ಆರ್ಪೆಜಿಯೊ ಅನ್ನುವ, ಸ್ವರಗಳನ್ನು ಒಂದೊಂದಾಗಿ ಏರಿಸುವ ಸದ್ದಿಗೆ ಕೀಬೋರ್ಡ್ ಹುಡುಗ ಜಾಣತನ ಮಾಡಿದ. ಮೂರು ಮಾತ್ರೆಗೆ ಸ ಗ ಪ, ನಾಲ್ಕು ಮಾತ್ರೆಗೆ ಸ ಗ ಪ ಮತ್ತು ಮೇಲಿನ ಸ. ಮಾತು ಮೂರು ನಾಲ್ಕು ಅಂತ ನಡೆದರೆ ಸಿಂಥ್ ಅದರ ಜೊತೆ ಕೈಹಿಡಿದು ಮೂರು ನಾಲ್ಕು ಅಂತ ಏರುತ್ತದೆ.

ಆ ಟೇಕ್ ಮಿಕ್ಸ್ ಮಾಡುವಾಗ ಭಜನೆ ರೆಕಾರ್ಡಿಂಗ್‌ಗೆ ಬಂದ ತಬಲಾ ಕಾಕಾ ಒಬ್ಬರು ಹೊರಗೆ ಕೂತಿದ್ದರು. ಒಳಗೆ ಬಂದು ‘ದೀಪಚಂದಿ ಅಲ್ಲೇನಪಾ ಇದು?’ ಅಂದರು. ಧಾ ಧಿಂ – ಧಾ ಧಾ ತಿಂ – ತಾ ತಿಂ – ಧಾ ಧಾ ಧಿಂ –. ಮೂರು ನಾಲ್ಕು ಮೂರು ನಾಲ್ಕು, 14 ಮಾತ್ರೆ. ನಾನು ನಾಲ್ಕು ವರ್ಷ ತಬಲಾ ಕಲಿತವನು. ಇದೇ ತಾಳ ನುಡಿಸಿ ಪರೀಕ್ಷೆ ಪಾಸಾದವನು. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಮ್ಮೂರಿನ ಪಕ್ಕದಲ್ಲೇ ಇದೆ ಅಂತ ಬಂದವರಿಗೆಲ್ಲ ಹೇಳಿಕೊಂಡು ಓಡಾಡುವವನು. ಕಿಕ್ ಡ್ರಮ್ಮಿನ ಕೆಳಗೆ ದೀಪಚಂದಿ ಇದ್ದರೆ ನನಗೆ ಗುರುತು ಸಿಗಲಿಲ್ಲ.

ಎಲ್ಲವನ್ನೂ 14ಕ್ಕೆ ತಿರುಗಿಸಲಿಲ್ಲ

ಇಲ್ಲಿ ಒಂದು ಎಚ್ಚರ ಬೇಕು. 14 ಅನ್ನುವುದೇ ಕನ್ನಡ, 16 ಪರದೇಶಿ ಅಂತ ನಾನು ಹೇಳುತ್ತಿಲ್ಲ. ಮಂದಾನಿಲ ರಗಳೆಯ ಸಾಲು 16 ಮಾತ್ರೆ. ಅದು ಸೀಕ್ವೆನ್ಸರ್‌ಗೆ ಹೇಳಿ ಮಾಡಿಸಿದಂತಿದೆ. ಎಂಟು ಹಾಡುಗಳ ಪದ ಎಣಿಸಿದಾಗ ನಾಲ್ಕು ಹಾಡು 14ಕ್ಕೆ ಬಂದವು. ಮೂರು 16ರಲ್ಲೇ ಉಳಿದವು. ಒಂದು ಐದೈದರ ನಡಿಗೆ, ಲಲಿತ ರಗಳೆಯ ಹಾಗೆ 20. ಅದಕ್ಕೆ ಹತ್ತು ಹತ್ತರ ಎರಡು ತುಂಡು ಮಾಡಿ ಜೋಡಿಸಿದರು. ನಿಜ ಹೇಳಬೇಕೆಂದರೆ ಆ ಹಾಡು ಚೆನ್ನಾಗಿ ಬರಲಿಲ್ಲ. ಬೇಸ್ ಎಲ್ಲೋ, ಮಾತು ಎಲ್ಲೋ. ಆಲ್ಬಂನಲ್ಲಿ ಕೊನೆಗೆ ಹಾಕಿದ್ದಾರೆ.

ಬೀಡಿ ಹಾಡು 16ರ ಗುಂಪಿನದು. ಅದಕ್ಕೆ ಬೇರೆ ಮದ್ದು. ಎಳೆಯುವುದಿದ್ದರೆ ಗುರುವನ್ನು ಎಳೆಯಬೇಕು. ‘ಕೈ’ ಎಷ್ಟು ಎಳೆದರೂ ಕೈಯೇ. ಮೇಲಿನ ಉದ್ದ ಸ್ವರವನ್ನು ‘ಕೈ’ ಮೇಲೆ ತಂದರು, ‘ಬಿಡಿ’ಯನ್ನು ಟಕ್ಕನೆ ಬಿಟ್ಟರು. ಖಾಲಿ ಉಳಿದ ಜಾಗಕ್ಕೆ ಸಿಂಥ್ ಉತ್ತರ ಕೊಡುತ್ತದೆ. ಅವಳೊಮ್ಮೆ ಹೇಳುವುದು, ಅದೊಮ್ಮೆ ಹೇಳುವುದು.

ಗಾಯನವನ್ನು ಪೂರ್ತಿ ಹೊಸದಾಗಿ ಹಾಡಿಸಿದೆವು. ಹನ್ನೊಂದು ರಾತ್ರಿ ಬೇಕಾಯಿತು. ಜುಲೈ ತಿಂಗಳು. ಬೆಳಗಾವಿಯ ಮಳೆ ತಗಡಿನ ಮೇಲೆ ಬಿದ್ದರೆ ಗಾದಿ ಪರದೆ ಏನೂ ಮಾಡುವುದಿಲ್ಲ, ಮಳೆ ನಿಂತ ಸಂದಿನಲ್ಲಿ ಹಾಡಬೇಕು. ಮಿಕ್ಸ್ ಮುಗಿದ ಮೇಲೆ ಗಾಯಕಿಯ ಅವ್ವನಿಗೆ ಕೇಳಿಸಿದೆವು. ಡಬ್ ಅನ್ನಲಿಲ್ಲ. ‘ಮಗ್ಗ ನಿಂತ್ರ ಹಿಂಗ ಕುಣೀತಾರೇನ?’ ಅಂದರು. ಅಂದರೆ ಮಾತು ತಿಳಿದಿತ್ತು.

ಬಿಡುಗಡೆ ಆದ ಮೇಲೆ

ಆಲ್ಬಂ ಆನ್‌ಲೈನಿಗೆ ಬಂತು. ಕೇಳಿದವರು ತುಂಬ ಜನ ಅಲ್ಲ. ಕೇಳಿದವರಲ್ಲಿ ‘ಮಗ್ಗ’ದ ಹಾಡು ಇಷ್ಟವಾದವರು ಜಾಸ್ತಿ. ಇದನ್ನು ಗೆಲುವು ಅಂತ ಬರೆಯುವಷ್ಟು ದೊಡ್ಡದೇನೂ ಅಲ್ಲ.

ನಷ್ಟವೂ ಆಯಿತು, ಅದನ್ನು ಮುಚ್ಚಿಡಬಾರದು. ಡಿಜೆಗಳು 14ರ ಹಾಡುಗಳನ್ನು ಮುಟ್ಟುವುದಿಲ್ಲ. ನಾಲ್ಕರ ಲೆಕ್ಕದ ಹಾಡೊಂದು ಮುಗಿಯುವಾಗ ಇದನ್ನು ಜೋಡಿಸಿದರೆ ಸಾಲು ತಪ್ಪುತ್ತದೆ, ಕುಣಿಯುವವರು ನಿಂತುಬಿಡುತ್ತಾರೆ. ಒಬ್ಬ ಡಿಜೆ ನನಗೇ ಫೋನ್ ಮಾಡಿ ‘ಅಣ್ಣಾ, ಇದರಾಗ ಒಂದ್ ಬೀಟ್ ಕಟ್ ಆಗೈತಿ, ಫೈಲ್ ಖರಾಬ್ ಬಂದೈತಿ, ಮತ್ತ ಕಳಸ್ರಿ’ ಅಂದ. ಮದುವೆ ವರಾತದಲ್ಲಿ, ಅಂದರೆ ಮೆರವಣಿಗೆಯಲ್ಲಿ, ಹಾಡು ನುಡಿಯಲಿ ಅನ್ನುವ ಆಸೆ ಫೌಂಡ್ರಿ ಹುಡುಗನಿಗೆ ಬಹಳ ಇತ್ತು. ಅವನೇ ಕೂತು ಒಂದು ಹಾಡಿಗೆ 16ರ ಪ್ರತಿ ಮಾಡಿದ. ಈ ಸಲ ಖಾಲಿ ಎರಡು ಹೆಜ್ಜೆಗೆ ಅಕ್ಷರ ಎಳೆಯಲಿಲ್ಲ, ಮಗ್ಗದ ಸದ್ದು ಹಾಕಿದ: ಖಟಕ್, ಖಟಕ್. ಗಾಯಕಿಗೆ ಅದು ಇಷ್ಟವಿಲ್ಲ. ನನಗೆ ಇಷ್ಟ. ಈ ಜಗಳ ಇನ್ನೂ ಮುಗಿದಿಲ್ಲ.

ಮೊನ್ನೆ ಅದೇ ಕಾಲೇಜಿನವರು ಮತ್ತೆ ಕರೆದಿದ್ದರು. ತಂಡ ತಿದ್ದಿದ ಪಲ್ಲವಿ ಹಾಡಿತು. ‘ಕೈ’ ಉದ್ದ, ‘ಬಿಡಿ’ ಗಿಡ್ಡ, ಅಕ್ಷರ ಅಕ್ಷರ ಸ್ಪಷ್ಟ. ಆದರೆ ಕೆಳಗಿದ್ದವರಿಗೆ ಹೋದ ವರ್ಷದ್ದು ನೆನಪಿತ್ತು. ಸಿಂಥ್ ಉತ್ತರ ಕೊಡಲಿ ಅಂತ ನಾವು ಖಾಲಿ ಬಿಟ್ಟ ಜಾಗದಲ್ಲಿ, ಸರಿಯಾಗಿ ತಾಳಕ್ಕೆ, ಇಡೀ ಹಾಲ್ ‘ಬೀಡಿ’ ಅಂತು. ಗಾಯಕಿ ಈ ಸಲ ಮೈಕನ್ನು ಅವರ ಕಡೆ ತಿರುಗಿಸಿದಳು.